ಗಾಡಿಯಲ್ಲೇ ಮಲಗುವವರನ್ನು ಊರು ಎಲ್ಲಿಗೆ ಕಳಿಸಬೇಕು? ರಾತ್ರಿ ನಿಷೇಧದ ಬಗ್ಗೆ ಚರ್ಚೆ

ಪಶ್ಚಿಮತೀರ

ನಾನಿರೋದು ಅಮೆರಿಕದ ಪಶ್ಚಿಮ ತೀರದ ಒಂದು ಮಧ್ಯಮ ಗಾತ್ರದ ಊರಲ್ಲಿ. ನಮ್ಮ ಮನೆಯ ಹಿಂದಿನ ರಸ್ತೆ ಮೊದಲೆಲ್ಲ ಖಾಲಿ ಇರ್ತಿತ್ತು. ಒಂದು ಕಡೆ ಗೋದಾಮುಗಳ ಬೇಲಿ, ಇನ್ನೊಂದು ಕಡೆ ನಮ್ಮ ಸಾಲುಮನೆಗಳ ಕಾಂಪೌಂಡು. ಈಗ ಅಲ್ಲಿ ಆರ್‌ವಿಗಳು ಸಾಲಾಗಿ ನಿಂತಿವೆ. ಆರ್‌ವಿ ನೋಡದವರಿಗೆ ಹೇಳ್ತೀನಿ: ಒಳಗೇ ಹಾಸಿಗೆ, ಒಲೆ, ಕಕ್ಕಸು ಎಲ್ಲ ಇರೋ ಬಸ್ಸಿನಂಥ ಗಾಡಿ. ನಡುನಡುವೆ ಮಾಮೂಲಿ ಕಾರುಗಳೂ ಇವೆ, ಕಿಟಕಿಗಳಿಗೆ ಒಳಗಿಂದ ಟವೆಲ್ ಸಿಕ್ಕಿಸಿಕೊಂಡು.

ನಮ್ಮ ನಗರಸಭೆ ಮುಂದೆ ಈಗ ಒಂದು ಪ್ರಸ್ತಾವ ಬಂದಿದೆ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಸತಿ ಬೀದಿಗಳಲ್ಲಿ, ಶಾಲೆ ಮತ್ತು ಪಾರ್ಕುಗಳ ಅಕ್ಕಪಕ್ಕದಲ್ಲಿ ಯಾರೂ ಗಾಡಿಯೊಳಗೆ ಮಲಗುವಂತಿಲ್ಲ. ಮೊದಲು ದಂಡ, ಆಮೇಲೂ ಅಲ್ಲೇ ಇದ್ದರೆ ಟೋ, ಅಂದರೆ ಗಾಡಿಯನ್ನೇ ಎಳೆದುಕೊಂಡು ಹೋಗೋದು.

ನಾನು ಇದರ ಪರ. ರಾತ್ರಿಯಿಡೀ ಜನರೇಟರ್ ಸದ್ದು ಕೇಳಿಕೊಂಡು ಮಲಗಿದ್ದೀವಿ. ಒಂದು ಗಾಡಿಯ ಅಡಿಯಿಂದ ಹೊರಟ ಕಪ್ಪು ನೀರು ಫುಟ್‌ಪಾತಿನ ಅಂಚಿಗೇ ಹರಿದು ಮಳೆನೀರಿನ ಜಾಲರಿಯೊಳಕ್ಕೆ ಇಳಿಯೋದನ್ನ ಕಣ್ಣಾರೆ ನೋಡಿದ್ದೀನಿ. ಹೋದ ಚಳಿಗಾಲದಲ್ಲಿ ಒಂದು ಆರ್‌ವಿ ಹೊತ್ತಿ ಉರಿದು ಪಕ್ಕದ ಮರವೂ ಸುಟ್ಟಿತು, ಒಳಗಿದ್ದವರು ಪುಣ್ಯಕ್ಕೆ ಪಾರಾದರು. ಮಕ್ಕಳನ್ನ ಆ ಕಡೆಯಿಂದ ಶಾಲೆಗೆ ಕಳಿಸೋದು ಬಿಟ್ಟಿದ್ದೀವಿ. ಆದರೆ ಆ ಜನ ಎಲ್ಲಿಗೆ ಹೋಗಬೇಕು ಅನ್ನೋದರ ಬಗ್ಗೆ ಪ್ರಸ್ತಾವದಲ್ಲಿ ಒಂದು ಸಾಲೂ ಇಲ್ಲ. ಅದೊಂದು ನನ್ನನ್ನ ಕೊರೀತಾ ಇದೆ. ಸಭೆಯಲ್ಲಿ ಸಾರ್ವಜನಿಕರಿಗೆ ಎರಡೆರಡು ನಿಮಿಷ ಕೊಡ್ತಾರೆ. ಬೇರೆ ಊರುಗಳಲ್ಲಿ ಏನು ಮಾಡಿದರು, ಯಾವುದು ನಡೀತು, ಯಾವುದು ಕೈಕೊಟ್ಟಿತು, ತಿಳಿದವರು ಹೇಳಿ.

ತೆರಿಗೆಕಟ್ಟುವವ

ನೀವು ಅಳುಕೋದೇ ಬೇಡ ಸರ್. ರಸ್ತೆ ಇರೋದು ಓಡಾಡೋಕೆ, ಸ್ವಲ್ಪ ಹೊತ್ತು ಗಾಡಿ ನಿಲ್ಲಿಸೋಕೆ. ನಾನು ನನ್ನ ಮನೆಯ ಮೇಲೆ ಇನ್ನೊಂದು ಕೋಣೆ ಎಬ್ಬಿಸಬೇಕಂದರೆ ನಕ್ಷೆ, ಪರವಾನಗಿ, ತಪಾಸಣೆ ಎಲ್ಲ ಬೇಕು. ಅದೇ ಊರಲ್ಲಿ ಇನ್ನೊಬ್ಬರು ಒಳಚರಂಡಿ ಇಲ್ಲದೆ, ಅಗ್ನಿ ಸುರಕ್ಷೆ ಇಲ್ಲದೆ ಬೀದಿಯಲ್ಲೇ ಮನೆ ಮಾಡಿಕೊಂಡರೆ ಕೇಳೋವರಿಲ್ಲ. ಒಂದೇ ಊರಿಗೆ ಎರಡು ಕಾನೂನು ಇರೋಕಾಗಲ್ಲ.

ಕೋರ್ಟಿನ ಹೆದರಿಕೆಯೂ ಈಗ ಇಲ್ಲ. ಒರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಅನ್ನೋ ಸಣ್ಣ ಊರಿನ ಕೇಸಿನಲ್ಲಿ 2024ರ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟ್ 6–3 ಬಹುಮತದಲ್ಲಿ ತೀರ್ಪು ಕೊಟ್ಟಾಯಿತು. ಸಾರ್ವಜನಿಕ ಜಾಗದಲ್ಲಿ ಮಲಗೋದನ್ನ ಊರುಗಳು ನಿಷೇಧಿಸಬಹುದು. ಇನ್ನೇನು ಬೇಕು?

ಕಾನೂನುಕಣ್ಣು

ಆ ತೀರ್ಪು ಎಲ್ಲಿಗೆ ನಿಲ್ಲುತ್ತೆ ಅನ್ನೋದನ್ನ ಹೇಳಲೇಬೇಕು. ಬೇರೆ ಜಾಗ ಇಲ್ಲದವರಿಗೆ ದಂಡ ಹಾಕೋದು 'ಕ್ರೂರ ಮತ್ತು ಅಸಾಮಾನ್ಯ ಶಿಕ್ಷೆ' ಆಗುತ್ತಾ ಅನ್ನೋದೊಂದೇ ಅಲ್ಲಿದ್ದ ಪ್ರಶ್ನೆ. ಆಗಲ್ಲ ಅಂದರು. ಅಷ್ಟೇ. ವಿಪರೀತ ದಂಡ, ಕಾನೂನುಬದ್ಧ ಪ್ರಕ್ರಿಯೆ, ಆಸ್ತಿ ಜಪ್ತಿ, ಅಸ್ಪಷ್ಟ ಕಾನೂನು, ಈ ಬಾಗಿಲುಗಳೆಲ್ಲ ಹಾಗೇ ತೆರೆದಿವೆ. ಗಾಡಿಗಳ ವಿಷಯದಲ್ಲಿ ಊರುಗಳು ಸೋತಿರೋದೆಲ್ಲ ಈ ಬಾಗಿಲುಗಳಲ್ಲೇ.

ಲಾಸ್ ಏಂಜಲೀಸ್ ನೋಡಿ. ಗಾಡಿಯನ್ನ 'ವಾಸದ ಜಾಗವಾಗಿ' ಬಳಸಬಾರದು ಅಂತ 1983ರ ಒಂದು ಕಾನೂನಿತ್ತು. ವಾಸ ಅಂದರೆ ಏನು ಅಂತ ಅದರಲ್ಲಿ ಬರೆದೇ ಇರಲಿಲ್ಲ. ಕಾರಲ್ಲಿ ಹೊದಿಕೆ ಇದ್ದರೆ? ಊಟದ ಡಬ್ಬಿ ಇದ್ದರೆ? ಮಾತ್ರೆ ಇದ್ದರೆ? ಪೊಲೀಸರು ಇಂಥವನ್ನೇ ಸಾಕ್ಷಿ ಮಾಡಿಕೊಂಡು ಜನರನ್ನ ಹಿಡಿದರು. ಪ್ರವಾಸ ಹೊರಟ ಕುಟುಂಬದ ಕಾರಲ್ಲೂ ಇವೆಲ್ಲ ಇರುತ್ತವಲ್ಲ. 2014ರ ಜೂನ್‌ನಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ಕೋರ್ಟು (ಪಶ್ಚಿಮದ ರಾಜ್ಯಗಳ ಕೇಸು ನೋಡೋ ಕೇಂದ್ರ ಸರ್ಕಾರದ ಕೋರ್ಟು) ಅದನ್ನ ಹೊಡೆದುಹಾಕಿತು. ಇಷ್ಟು ಅಸ್ಪಷ್ಟ ಕಾನೂನು ಬಡವರ ಮೇಲೆ ಮನಸ್ಸಿಗೆ ಬಂದಂತೆ ಬಳಸೋಕೆ ದಾರಿ ಮಾಡಿಕೊಡುತ್ತೆ ಅನ್ನೋದೇ ಕಾರಣ. ಆಮೇಲೆ 2017ರಿಂದ ಊರು ಹೊಸ ರೂಪ ಜಾರಿಗೆ ತಂತು: ವಸತಿ ಬೀದಿಯಲ್ಲಿ ರಾತ್ರಿ 9ರಿಂದ 6, ಶಾಲೆ, ಪಾರ್ಕು, ಶಿಶುವಿಹಾರದ ಒಂದು ಬ್ಲಾಕಿನೊಳಗೆ ಯಾವ ಹೊತ್ತಿಗೂ ಇಲ್ಲ. ನಿಮ್ಮ ಊರಿನ ಪ್ರಸ್ತಾವ ಅಲ್ಲಿಂದಲೇ ಇಳಿದು ಬಂದ ಹಾಗಿದೆ.

ಸ್ಯಾನ್ ಡಿಯಾಗೋದ್ದು ಇನ್ನೂ ಉದ್ದದ ಕಥೆ. ಹಳೇ ಕಾನೂನಿಗೆ ಕೋರ್ಟು 2018ರಲ್ಲಿ ತಡೆ ಕೊಟ್ಟಿತು, 2019ರ ಆರಂಭದಲ್ಲಿ ಊರು ಅದನ್ನ ರದ್ದು ಮಾಡಿತು, ಅದೇ ವರ್ಷ ಮೇ ತಿಂಗಳಲ್ಲಿ ಇನ್ನೊಂದನ್ನ ತಂತು. ಅದರ ಮೇಲೂ ದಾವೆ ನಡೆದು 2024ರಲ್ಲಿ ರಾಜಿಯಾಯಿತು. ಆ ರಾಜಿಯ ತಿರುಳು: ಸುರಕ್ಷಿತ ಪಾರ್ಕಿಂಗ್ ಜಾಗದಲ್ಲಿ (ಗಾಡಿಯಲ್ಲಿ ಮಲಗುವವರು ರಾತ್ರಿ ತಂಗೋಕೆ ಅಂತಲೇ ಬಿಟ್ಟ ಜಾಗ) ಸ್ಥಳ ಇಲ್ಲದಿದ್ದರೆ ಗಾಡಿಯಲ್ಲಿ ಮಲಗಿದವರಿಗೆ ದಂಡದ ಚೀಟಿ ಹರಿಯುವಂತಿಲ್ಲ. ಐದಾರು ವರ್ಷ ವಕೀಲರಿಗೆ ದುಡ್ಡು ಸುರಿದು ಊರು ಬಂದು ನಿಂತದ್ದು ಈ ಒಂದು ಸಾಲಿಗೆ. ಪಶ್ಚಿಮತೀರ ಅವರೇ, ನಿಮ್ಮ ಪ್ರಸ್ತಾವದಲ್ಲಿ ಇಲ್ಲದಿರೋದೂ ಇದೇ ಸಾಲು.

ಹಿಂದಿನಸೀಟು

ಇಲ್ಲಿ ಯಾರೂ ಕಾರಲ್ಲಿ ಮಲಗಿದವರು ಮಾತಾಡ್ತಿಲ್ಲ, ಅದಕ್ಕೆ ಬರೀತಿದ್ದೀನಿ. ಒಂದಿಡೀ ಚಳಿಗಾಲ ನಾನು ನನ್ನ ಸಣ್ಣ ಕಾರಲ್ಲಿ ಕಳೆದೆ. ಕೆಲಸ ಇತ್ತು, ವೃದ್ಧಾಶ್ರಮದಲ್ಲಿ ಆರೈಕೆ ಕೆಲಸ. ಜೊತೆಗಿದ್ದವಳು ಮನೆ ಬಿಟ್ಟಳು, ಒಬ್ಬಳೇ ಬಾಡಿಗೆ ಕಟ್ಟೋಕೆ ಆಗಲಿಲ್ಲ, ಹೊಸ ಮನೆಗೆ ಮುಂಗಡ ಕೂಡಿಸೋಕೂ ಆಗಲಿಲ್ಲ.

ಗಾಜಿನ ಬಗ್ಗೆ ಹೇಳ್ತೀನಿ. ಕಿಟಕಿ ಪೂರ್ತಿ ಏರಿಸಿದರೆ ಉಸಿರೆಲ್ಲ ಒಳಗಡೆ ನೀರಾಗಿ ಗಾಜಿಗೆ ಕೂರುತ್ತೆ. ಬೆಳಗಿನ ಜಾವಕ್ಕೆ ಹನಿಹನಿಯಾಗಿ ಹೊದಿಕೆ ಮೇಲೆ ಬೀಳುತ್ತೆ. ಸಾಲಾಗಿ ನಿಂತ ಕಾರುಗಳಲ್ಲಿ ಯಾವುದರ ಗಾಜು ಮಂಜಾಗಿದೆಯೋ ಅದರೊಳಗೆ ಮನುಷ್ಯರಿದ್ದಾರೆ ಅಂತ ಹೊರಗಿನವರಿಗೆ ಗೊತ್ತಾಗುತ್ತೆ, ಪೊಲೀಸರಿಗೂ ಗೊತ್ತಾಗುತ್ತೆ, ಕೆಟ್ಟವರಿಗೂ ಗೊತ್ತಾಗುತ್ತೆ. ಬೆರಳಷ್ಟು ಇಳಿಸಿದರೆ ಗಾಜು ಒಣಗಿರುತ್ತೆ, ಆದರೆ ಚಳಿಗೆ ನಿದ್ದೆ ಬರಲ್ಲ. ಎಂಜಿನ್ ಹಾಕಿ ಬೆಚ್ಚಗೆ ಮಾಡಿಕೊಳ್ಳೋಣ ಅಂದರೆ ಪೆಟ್ರೋಲಿನ ಖರ್ಚು, ಮೇಲಿಂದ ಹೊಗೆಯ ವಿಷ ಒಳಗೆ ಸೇರೋ ಭಯ. ನಡುರಾತ್ರಿ ಟಾರ್ಚ್ ಬೆಳಕು ಮುಖಕ್ಕೆ ಬಿದ್ದು ಗಾಜು ಬಡಿದರೆ ಎದ್ದು ಇನ್ನೊಂದು ಬೀದಿಗೆ ಹೋಗಬೇಕು. ಆ ಬೀದಿ ಗುರುತಿರಲ್ಲ, ಮತ್ತೆ ಕಣ್ಣು ಮುಚ್ಚೋಕೆ ಧೈರ್ಯ ಬರಲ್ಲ. ಬೆಳಗ್ಗೆ ಅದೇ ಕೈಯಲ್ಲಿ ಎಂಬತ್ತು ವರ್ಷದವರನ್ನ ಎತ್ತಿ ಕೂರಿಸಬೇಕು.

ಒಂದು ದಿನ ನಾನು ಬಟ್ಟೆ ಒಗೆಯೋಕೆ ಹೋದಾಗ ಕಾರು ಟೋ ಆಯಿತು. ಸಮವಸ್ತ್ರ, ಔಷಧಿ, ಗುರುತಿನ ಚೀಟಿ ಎಲ್ಲ ಅದರೊಳಗೆ. ಬಿಡಿಸಿಕೊಳ್ಳೋಕೆ ಟೋ ಖರ್ಚು, ಅದರ ಮೇಲೆ ದಿನದ ಲೆಕ್ಕದಲ್ಲಿ ಬಾಡಿಗೆ ಏರುತ್ತಾ ಹೋಗುತ್ತೆ. ದುಡ್ಡು ಹೊಂದಿಸುವಷ್ಟರಲ್ಲಿ ಕೆಲಸ ಹೋಯಿತು. ಅಲ್ಲಿವರೆಗೆ ನಾನು ಮನೆ ಇಲ್ಲದವಳು, ಅಷ್ಟೇ. ಅವತ್ತಿನಿಂದ ನೆಲದ ಮೇಲೆ ಮಲಗುವವಳಾದೆ. ಟೋ ಅಂದರೆ ಸಮಸ್ಯೆಯನ್ನ ಬೇರೆ ಕಡೆ ಕಳಿಸೋದು ಅಂದುಕೊಂಡಿದ್ದೀರಿ. ಅದೇ ಮನುಷ್ಯಳನ್ನ ಇನ್ನೂ ಒಂದು ಮೆಟ್ಟಿಲು ಕೆಳಗೆ ತಳ್ಳಿ ನಿಮ್ಮೂರಲ್ಲೇ ಬಿಡೋದು ಅದು.

ತೆರಿಗೆಕಟ್ಟುವವ

ಮೇಡಂ, ನಿಮ್ಮ ಮಾತು ಓದಿ ಬೇಜಾರಾಯಿತು. ನಿಮ್ಮಂಥವರ ಬಗ್ಗೆ ನನ್ನ ತಕರಾರಿಲ್ಲ. ಕೆಲಸಕ್ಕೆ ಹೋಗಿ, ಸದ್ದಿಲ್ಲದೆ ಮಲಗಿ ಎದ್ದು ಹೋಗುವವರು ಯಾರ ಕಣ್ಣಿಗೂ ಬೀಳಲ್ಲ. ಕಣ್ಣಿಗೆ ಬೀಳೋದು ತಿಂಗಳುಗಟ್ಟಲೆ ಅಲ್ಲಾಡದ ಆರ್‌ವಿಗಳು. ಅವರಿಗೆ ಜಾಗ ಮಾಡಿಕೊಟ್ಟರೆ ಬೇರೆ ಊರುಗಳಿಂದಲೂ ಬಂದು ಸೇರ್ತಾರೆ. ಸೌಕರ್ಯ ಕೊಟ್ಟ ಊರಿಗೇ ಹೊರೆ ಜಾಸ್ತಿ.

ರಾತ್ರಿಪಾಳಿ

ಬೇರೆ ಊರಿಂದ ಬರ್ತಾರೆ ಅನ್ನೋ ಮಾತು ಪ್ರತಿ ಸಭೆಯಲ್ಲೂ ಕೇಳಿಬರುತ್ತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಶಾಖೆಯವರು 2023ರಲ್ಲಿ ಇಡೀ ರಾಜ್ಯದ ಅಧ್ಯಯನವೊಂದನ್ನ ಹೊರಗೆ ತಂದರು. ಮನೆ ಇಲ್ಲದವರಲ್ಲಿ ನೂರಕ್ಕೆ 90 ಮಂದಿ ಕೊನೆಯ ಮನೆ ಕಳೆದುಕೊಂಡದ್ದು ಕ್ಯಾಲಿಫೋರ್ನಿಯಾದಲ್ಲೇ. 75 ಮಂದಿ ಆಗಲೂ ಅದೇ ಕೌಂಟಿಯಲ್ಲಿದ್ದರು (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು). ಮನೆ ಬಿಡೋ ಮುಂಚಿನ ಆರು ತಿಂಗಳಲ್ಲಿ ಅವರ ಕುಟುಂಬದ ಆದಾಯದ ಮಧ್ಯಾಂಕ ತಿಂಗಳಿಗೆ 960 ಡಾಲರ್. ಆ ದುಡ್ಡಿಗೆ ಆ ರಾಜ್ಯದಲ್ಲಿ ಬಾಡಿಗೆ ಮನೆ ಎಲ್ಲಿ ಸಿಗುತ್ತೆ? ನಿಮ್ಮ ಹಿಂದಿನ ಬೀದಿಯಲ್ಲಿರೋವರು ಬಹುಮಟ್ಟಿಗೆ ನಿಮ್ಮ ಊರಿನವರೇ ಸರ್, ಮೊನ್ನೆಮೊನ್ನೆವರೆಗೆ ನಿಮ್ಮ ಹಾಗೇ ಬಾಗಿಲಿಗೆ ಬೀಗ ಹಾಕಿಕೊಂಡು ಮಲಗಿದವರು.

ನಾನು ಒಂದು ಸುರಕ್ಷಿತ ಪಾರ್ಕಿಂಗ್ ಜಾಗದಲ್ಲಿ ಸ್ವಯಂಸೇವಕನಾಗಿ ರಾತ್ರಿ ಕಾಯ್ತೀನಿ. ಹೇಗೆ ನಡೆಯುತ್ತೆ ಅಂತ ಹೇಳ್ತೀನಿ. ಚರ್ಚೋ ಕಚೇರಿಯೋ ರಾತ್ರಿ ಖಾಲಿ ಬಿಡೋ ಪಾರ್ಕಿಂಗ್ ಜಾಗವನ್ನ ಕೊಡುತ್ತೆ. ಸಂಜೆ ಬರಬೇಕು, ಬೆಳಗ್ಗೆ ಬಿಡಬೇಕು. ಒಂದು ಚಲಿಸುವ ಶೌಚಾಲಯ, ಕೈ ತೊಳೆಯೋಕೆ ನೀರು, ಒಂದು ದೀಪ. ವಾರಕ್ಕೊಮ್ಮೆ ಸಮಾಜ ಕಾರ್ಯಕರ್ತೆ ಬಂದು ಒಬ್ಬೊಬ್ಬರ ಜೊತೆ ಕೂತು ಬಾಡಿಗೆ ಮನೆ ಅರ್ಜಿ, ಪಿಂಚಣಿ ಕಾಗದ, ಕಾರಿನ ರಿಪೇರಿ ಖರ್ಚು ನೋಡ್ತಾರೆ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಇದು 2004ರಿಂದ ನಡೀತಿದೆ. ಅಲ್ಲಿ ಒಂದೇ ಕಡೆ ನೂರು ಗಾಡಿ ಗುಡ್ಡೆ ಹಾಕಲಿಲ್ಲ. ಊರೆಲ್ಲ ಹಂಚಿದ ಸಣ್ಣಸಣ್ಣ ಜಾಗಗಳು, ಒಂದೊಂದರಲ್ಲಿ ಕೆಲವೇ ಗಾಡಿಗಳು. ಅಕ್ಕಪಕ್ಕದವರಿಗೆ ಇದ್ದದ್ದೂ ಗೊತ್ತಾಗಲ್ಲ.

ನಮ್ಮಲ್ಲಿಗೆ ಬಂದವರು ಮೊದಲ ಕೆಲವು ರಾತ್ರಿ ಮಾಡೋದು ಒಂದೇ ಕೆಲಸ, ನಿದ್ದೆ. ಏಳು ಗಂಟೆಗೆ ಗಾಡಿ ನಿಲ್ಲಿಸಿ, ನನ್ನ ಹತ್ತಿರ ಹೆಸರು ಬರೆಸಿ, ಎಂಟಕ್ಕೆಲ್ಲ ಸೀಟು ಮಡಿಸಿ ಮಲಗಿಬಿಡ್ತಾರೆ. ಯಾರೂ ಬಂದು ಗಾಜು ಬಡಿಯಲ್ಲ ಅಂತ ನಂಬಿಕೆ ಬಂದ ಮೇಲೇ ಅರ್ಜಿಗಿರ್ಜಿ ಮಾತು.

ಗ್ಯಾರೇಜುಮಂದಿ

ನೋಡ್ರಿ, ನಾ ಇಲ್ಲೇ ಅಮೆರಿಕಾದಾಗ ಗಾಡಿ ರಿಪೇರಿ ಮಾಡಾಂವ, ಟೋ ಕಂಪನಿಗಳ ಕೂಡನೂ ಕೆಲಸ ಐತಿ. ನಿಮಗ ಗೊತ್ತಿಲ್ಲದ್ದೊಂದು ಹೇಳ್ತೀನಿ. ಹಳೇ ಆರ್‌ವಿ ಟೋ ಮಾಡಾಕ ಯಾವ ಟೋ ಕಂಪನಿಗೂ ಮನಸ್ಸಿಲ್ಲ. ದೊಡ್ಡ ಗಾಡಿ ಬೇಕು, ಎಳಿಯೂ ಮುಂದ ಟೈರ್ ಒಡಿತಾವು, ಆಕ್ಸಲ್ ಕುಸಿತೈತಿ. ಅಂಗಳಕ್ಕ ತಂದ್ರ ಮೂರು ಕಾರಿನ ಜಾಗ ತಿಂತೈತಿ. ಬಿಡಿಸ್ಕೊಳ್ಳಾಕ ಯಾರೂ ಬರಂಗಿಲ್ಲ, ಹರಾಜಿಗಿಟ್ರ ಯಾರೂ ಕೊಳ್ಳಂಗಿಲ್ಲ. ಒಡದು ಹಾಕಬೇಕಂದ್ರ ಒಳಗ ಕೊಳೆತ ಪ್ಲೈವುಡ್, ಫೈಬರ್, ಗ್ಯಾಸ್ ಸಿಲಿಂಡರ್, ಟ್ಯಾಂಕಿನಾಗ ಹೊಲಸು. ಅದರ ಖರ್ಚು ಗಾಡಿ ಬೆಲೆಗಿಂತ ಜಾಸ್ತಿ. ಅದಕ್ಕ ನಿಮ್ಮ ಕೌನ್ಸಿಲ್‌ನವರು ಕಾನೂನು ಪಾಸ್ ಮಾಡಿದ್ರೂ ಮೊದಲು ಎತ್ತೂದು ಈ ಅಕ್ಕಾರ ಕಾರಿನಂಥ ಸಣ್ಣ ಗಾಡಿನ್ನ. ಅದನ್ನ ಎತ್ತೂದು ಸಸಾರ, ಮಾರಿದ್ರ ರೊಕ್ಕನೂ ಬರ್ತೈತಿ. ನಿಮ್ಮ ಬೀದಿ ಆರ್‌ವಿ ಅಲ್ಲೇ ಇರ್ತಾವು.

ಕ್ಯಾಲಿಫೋರ್ನಿಯಾದಾಗ ಇದಕ್ಕಂತನ ಕಾಯ್ದೆ ತಿದ್ದಿದ್ರು. 500 ಡಾಲರ್ ಒಳಗ ಬೆಲೆ ಇರೂ ಗಾಡಿನ್ನ ಮಾತ್ರ ಲಗೂನ ಒಡದು ಹಾಕಬಹುದಿತ್ತು. 2025ರಾಗ ಲಾಸ್ ಏಂಜಲೀಸ್, ಅಲಮೀಡಾ ಈ ಎರಡು ಕೌಂಟಿಗೆ ಬಿಟ್ಟುಹೋದ ಆರ್‌ವಿಗೆ ಅದನ್ನ 4,000ಕ್ಕ ಏರಿಸ್ಯಾರ. ಒಳ್ಳೇದ ಆತು ಅಂತೀನಿ, ಒಂದು ಕಾರಣಕ್ಕ. ಗುಜರಿ ಆರ್‌ವಿ ಕೊಂಡು ಬೀದಿಗೆ ನಿಲ್ಲಿಸಿ, ಬಡಬಗ್ಗರಿಗೆ ತಿಂಗಳ ಬಾಡಿಗಿಗೆ ಕೊಡೂ ಮಂದಿ ಅದಾರ. ಬ್ರೇಕ್ ಇಲ್ಲ, ಎಂಜಿನ್ ಇಲ್ಲ, ಕಕ್ಕಸ ಇಲ್ಲ, ಬಾಡಿಗಿ ಮಾತ್ರ ಐತಿ. ಅಂಥವರ ಧಂದೆ ಮೊದಲ ಬಂದ್ ಆಗಬೇಕು.

ಇನ್ನೊಂದು ಸುಳಿ ಐತಿ. ಗಾಡಿ ಹಳೇದು, ಹೊಗೆ ಪರೀಕ್ಷಾದಾಗ ಫೇಲ್. ಫೇಲ್ ಆದ್ರ ನೋಂದಣಿ ಆಗೂದಿಲ್ಲ. ನೋಂದಣಿ ಇಲ್ಲಂತ ಚೀಟಿ, ಆರು ತಿಂಗಳ ಮ್ಯಾಲಾದ್ರ ಟೋ. ಹೊಗೆ ರಿಪೇರಿಗೆ ರೊಕ್ಕ ಇದ್ದಿದ್ರ ಅವ ಬೀದಿಗ್ಯಾಕ ಬರ್ತಿದ್ದ? ಮತ್ತ ಸುರಕ್ಷಿತ ಪಾರ್ಕಿಂಗ್ ನಡಸೂವರು ಮೊದಲ ಏನು ಕೇಳ್ತಾರಂದ್ರ ನೋಂದಣಿ, ಇನ್ಶೂರೆನ್ಸು, ಲೈಸೆನ್ಸು. ರಾತ್ರಿಪಾಳಿ ಅಣ್ಣಾರ, ನಿಮ್ಮಲ್ಲಿ ಹೆಂಗ?

ರಾತ್ರಿಪಾಳಿ

ನಮ್ಮಲ್ಲೂ ಕೇಳ್ತಾರೆ ಅಣ್ಣ, ಜಾಗದ ಮಾಲೀಕರ ವಿಮೆಯವರ ಷರತ್ತು. ಅದರಿಂದ ವಾಪಸ್ ಹೋಗುವವರನ್ನ ನೋಡಿ ಸಂಕಟ ಆಗುತ್ತೆ. ನೋಂದಣಿ ಇಲ್ಲದವರಿಗೆ ಒಂದಷ್ಟು ಅವಧಿ ಕೊಟ್ಟು, ಆ ಅವಧಿಯಲ್ಲಿ ನಾವೇ ದುಡ್ಡು ಹಾಕಿ ಮಾಡಿಸಿಕೊಡೋಣ ಅಂತ ನಾನು ಗಟ್ಟಿಯಾಗಿ ವಾದ ಮಾಡ್ತಾ ಇದ್ದೀನಿ. ಆರ್‌ವಿಗಳನ್ನಂತೂ ಬಹಳ ಕಡೆ ಸೇರಿಸೋದೇ ಇಲ್ಲ. ಹಾಗಾಗಿ ಈ ವ್ಯವಸ್ಥೆ ಕಾರಿನವರಿಗೆ ಚೆನ್ನ, ಆರ್‌ವಿಯವರಿಗೆ ಅಷ್ಟಕ್ಕಷ್ಟೆ.

ತೆರಿಗೆಕಟ್ಟುವವ

ಅಲ್ಲೇ ನನ್ನ ಪ್ರಶ್ನೆ ಇರೋದು. ಆರ್‌ವಿಗಳಿಗಾಗಿ ಸ್ಯಾನ್ ಫ್ರಾನ್ಸಿಸ್ಕೋ ಜಾಗ ಮಾಡಿಕೊಟ್ಟಿತಲ್ಲ, ಏನಾಯಿತು? ಕ್ಯಾಂಡಲ್‌ಸ್ಟಿಕ್ ಪಾಯಿಂಟ್‌ನಲ್ಲಿ 2022ರ ಜನವರಿಯಲ್ಲಿ ತೆರೆದರು. ಶಾಶ್ವತ ವಿದ್ಯುತ್ ಸಂಪರ್ಕವೇ ಬರಲಿಲ್ಲ, ಡೀಸೆಲ್ ಜನರೇಟರ್ ಮೇಲೆ ಓಡಿಸಿದರು. ನೀರಿನಂತೆ ದುಡ್ಡು ಖರ್ಚಾಗಿ 2025ರ ಮಾರ್ಚ್‌ನಲ್ಲಿ ಮುಚ್ಚಿದರು. ಅದಾದ ಮೇಲೆ ಊರಿಗೆ ಬುದ್ಧಿ ಬಂತು. ಜುಲೈನಲ್ಲಿ ಕಾನೂನು ಮಾಡಿ, 22 ಅಡಿಗಿಂತ ಉದ್ದದ ಅಥವಾ 7 ಅಡಿಗಿಂತ ಎತ್ತರದ ಗಾಡಿ ಊರಲ್ಲಿ ಎಲ್ಲೂ ಎರಡು ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ ಅಂದರು. ದಯೆಯ ದಾರಿಯನ್ನ ಮೂರು ವರ್ಷ ನಡೆದು ನೋಡಿದ ಊರು ಕೊನೆಗೆ ನಿಯಮಕ್ಕೇ ಬಂತು.

ಕಾನೂನುಕಣ್ಣು

ಅರ್ಧ ಕಾನೂನು ಹೇಳಿದಿರಿ. ಅದೇ ಕಾನೂನಿನಲ್ಲಿ, 2025ರ ಮೇ ತಿಂಗಳಲ್ಲಿ ಊರು ಮಾಡಿದ ದೊಡ್ಡ ಗಾಡಿಗಳ ಎಣಿಕೆಯಲ್ಲಿ ಸಿಕ್ಕ ಗಾಡಿಗಳಲ್ಲಿ ವಾಸವಿರೋವರಿಗೆ ಆರು ತಿಂಗಳ ವಿನಾಯಿತಿ ಪರವಾನಗಿ ಇದೆ, ಮನೆಗೆ ಹೋಗೋಕೆ ಊರಿನ ಜೊತೆ ಸಹಕರಿಸ್ತಿದ್ದರೆ ಅದನ್ನ ನವೀಕರಿಸಬಹುದು. ಗಾಡಿ ಒಪ್ಪಿಸಿದವರಿಗೆ ಉದ್ದದ ಲೆಕ್ಕದಲ್ಲಿ ಅಡಿಗೆ 175 ಡಾಲರ್ ಕೊಟ್ಟು ಊರೇ ಕೊಳ್ಳೋ ಏರ್ಪಾಡಿದೆ. ಎಣಿಕೆ ದಿನ ಗಾಡಿ ಎಲ್ಲೋ ರಿಪೇರಿಗೆ ಹೋಗಿದ್ದವರ ಗತಿಯೇನು ಅನ್ನೋದು ಅಲ್ಲಿನ ಜಗಳ, ಅದು ನ್ಯಾಯವಾದ ಜಗಳವೇ. ಆದರೂ ಬರೀ ಓಡಿಸೋ ಕಾನೂನು ಅಂತ ಅದನ್ನ ಕರೆಯೋಕಾಗಲ್ಲ.

ದಂಡದ ವಿಷಯಕ್ಕೆ ಬಂದರೆ ಸಿಯಾಟಲ್ ಕೇಸನ್ನ ಎಲ್ಲ ನಗರಸಭೆಗಳೂ ಓದಬೇಕು. ಒಬ್ಬ ಕೆಲಸಗಾರ ತನ್ನ ಟ್ರಕ್ಕಿನಲ್ಲಿ ವಾಸವಿದ್ದ. ಕೆಲಸದ ಉಪಕರಣಗಳೂ ಅದರೊಳಗೇ ಇದ್ದವು. ಗಾಡಿ ಕೆಟ್ಟು ಒಂದೇ ಕಡೆ ನಿಂತಿತ್ತು. ಒಂದೇ ಕಡೆ 72 ಗಂಟೆಗಿಂತ ಹೆಚ್ಚು ನಿಲ್ಲಿಸಬಾರದು ಅನ್ನೋ ನಿಯಮ ಮೀರಿದೆ ಅಂತ 2016ರಲ್ಲಿ ಊರು ಟೋ ಮಾಡಿಸಿತು. ಪಾರ್ಕಿಂಗ್ ದಂಡ 44 ಡಾಲರ್. ಟೋ ಮತ್ತು ಸಂಗ್ರಹದ ಖರ್ಚನ್ನ ಕೆಳಗಿನ ಕೋರ್ಟು ಕಡಿಮೆ ಮಾಡಿದ ಮೇಲೂ 547 ಡಾಲರ್, ತಿಂಗಳಿಗೆ 50ರಂತೆ ಕಂತು. 2021ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟು ಆತನ ಪರಿಸ್ಥಿತಿಗೆ ಅದು ವಿಪರೀತ ದಂಡ, ಸಂವಿಧಾನಕ್ಕೆ ವಿರುದ್ಧ ಅಂದಿತು. ಆ ಟ್ರಕ್ಕು ಆತನ ಮನೆ, ವಾಸದ ಮನೆಗೆ ರಾಜ್ಯದ ಕಾಯ್ದೆ ಕೊಡೋ ರಕ್ಷಣೆ ಅದಕ್ಕೂ ಉಂಟು ಅಂತಲೂ ಹೇಳಿತು. ಟೋ ಮಾಡಿದ್ದೇ ಆ ಕಾಯ್ದೆಗೆ ವಿರುದ್ಧ ಅಂತ ಹೇಳಲಿಲ್ಲ, ಅದನ್ನೂ ಗಮನಿಸಿ. ಆದರೆ ಒಬ್ಬ ಮನುಷ್ಯನ ಹತ್ತಿರ ಎಷ್ಟಿದೆ ಅಂತ ನೋಡದೆ ದಂಡ ಹೇರೋಕಾಗಲ್ಲ ಅನ್ನೋದು ಆ ರಾಜ್ಯದಲ್ಲಿ ಸ್ಥಿರವಾಯಿತು. ಗ್ರಾಂಟ್ಸ್ ಪಾಸ್ ತೀರ್ಪು ಇದನ್ನ ಮುಟ್ಟಿಲ್ಲ.

ಬ್ರಿಸ್ಟಲ್‌ಕಡೆಯಿಂದ

ಇದು ಅಮೆರಿಕದ ತಲೆನೋವು ಮಾತ್ರ ಅಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವ್ಯಾನ್, ಕ್ಯಾರವಾನ್‌ಗಳಲ್ಲಿ ವಾಸಿಸುವವರು ನೂರಾರು ಮಂದಿ. ಬಾಡಿಗೆ ಏರಿದಂತೆ ಅವರ ಸಂಖ್ಯೆಯೂ ಏರಿದೆ. 1824ರ ಅಲೆಮಾರಿ ಕಾಯ್ದೆ ತೆಗೆದು ನೋಡಿ: ಕೊಟ್ಟಿಗೆಯಲ್ಲಿ, ಬಯಲಲ್ಲಿ, ಡೇರೆಯಡಿ, ಬಂಡಿಯಲ್ಲಿ ತಂಗುವವರು ತಮ್ಮ ಬಗ್ಗೆ ತೃಪ್ತಿಕರ ವಿವರ ಕೊಡದಿದ್ದರೆ ಅಪರಾಧಿಗಳು ಅಂತ ಬರೆದಿತ್ತು. ಎತ್ತು–ಕುದುರೆ ಬಂಡಿಯ ಕಾಲದಲ್ಲೇ ಇಂಥ ಶಿಕ್ಷೆಯ ಕಾನೂನು ಇತ್ತು, ಬಂಡಿಯಲ್ಲಿ ಮಲಗುವವರು ಎರಡು ಶತಮಾನ ಆದರೂ ಇದ್ದೇ ಇದ್ದಾರೆ.

ಬ್ರಿಸ್ಟಲ್ ಕೌನ್ಸಿಲ್ ಮಾಡಿದ ಒಂದು ಕೆಲಸ ನನಗೆ ಹಿಡಿಸಿದೆ. ಮುಂದೆ ಕಟ್ಟಡ ಬರಬೇಕಾದ, ಸದ್ಯಕ್ಕೆ ಖಾಲಿ ಬಿದ್ದಿರೋ ನಿವೇಶನಗಳನ್ನ ತಾತ್ಕಾಲಿಕವಾಗಿ ವ್ಯಾನಿನವರಿಗೆ ಬಿಡೋದು. ನೀರು, ಶೌಚಾಲಯ, ಕಸದ ಏರ್ಪಾಡು ಇರುತ್ತೆ, ಅದಕ್ಕೆ ಅವರೂ ಶುಲ್ಕ ಕೊಡ್ತಾರೆ. ಬೇಡಿಕೆಗೆ ಹೋಲಿಸಿದರೆ ಜಾಗ ಬಹಳ ಕಮ್ಮಿ, ಬೀದಿಯಲ್ಲಿ ಜಗಳ ಇನ್ನೂ ಇದೆ. ಆದರೆ ಆ ನಿವೇಶನಗಳ ಒಳಗಿರೋವರು ಶುಲ್ಕ ಕಟ್ಟುವ ನಿವಾಸಿಗಳು. ತೆರಿಗೆಕಟ್ಟುವವರ 'ಒಂದೇ ಊರಿಗೆ ಎರಡು ಕಾನೂನು' ಅನ್ನೋ ದೂರಿಗೆ ಇದು ಸರಿಯಾದ ಉತ್ತರ ಅನ್ನಿಸುತ್ತೆ.

ಪಶ್ಚಿಮತೀರ

ಇಷ್ಟು ವಿಷಯ ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹಿಂದಿನಸೀಟು ಮೇಡಂ, ನೀವು ಬರೆದದ್ದನ್ನ ಮನೆಯಲ್ಲೂ ಓದಿಸಿದೆ.

ಆದರೆ ಜಾಲರಿಗೆ ಇಳಿದ ಆ ಕಪ್ಪು ನೀರಿಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಅದು ಸೌಂದರ್ಯದ ದೂರಲ್ಲ. ಒಳಚರಂಡಿಗೂ ಮಳೆನೀರಿನ ಚರಂಡಿಗೂ ವ್ಯತ್ಯಾಸ ಇದೆ. ನಮ್ಮೂರಲ್ಲಿ ಮಳೆನೀರಿನದ್ದು ಯಾವ ಶುದ್ಧೀಕರಣವೂ ಇಲ್ಲದೆ ನೇರ ಹೊಳೆಗೆ ಹೋಗುತ್ತೆ. ಸಮಾಜ ಕಾರ್ಯಕರ್ತೆ ಬಂದು ಅರ್ಜಿ ತುಂಬಿಸುವಷ್ಟರಲ್ಲಿ ಹೊಳೆ ಹಾಳಾಗಿರುತ್ತೆ.

ಗ್ಯಾರೇಜುಮಂದಿ

ಇದಕ್ಕ ಉತ್ತರ ಸರಳ ಐತ್ರಿ. ಆರ್‌ವಿ ಅಡಿಗೆ ಎರಡು ಟ್ಯಾಂಕ್ ಇರ್ತಾವು. ಪಾತ್ರೆ, ಸ್ನಾನದ ನೀರಿಂದು ಒಂದು, ಕಕ್ಕಸದ್ದು ಒಂದು. ತುಂಬಿದ್ರ ಖಾಲಿ ಮಾಡೂ ಕೇಂದ್ರಕ್ಕ ಹೋಗಬೇಕು. ಕೇಂದ್ರ ಊರ ಹೊರಗ, ಶುಲ್ಕ ಬ್ಯಾರೆ, ಗಾಡಿ ಓಡೂ ಸ್ಥಿತಿಯೊಳಗ ಇಲ್ಲ. ಓಡಿದ್ರೂ ವಾಪಸ್ ಬರೂದ್ರಾಗ ನಿಂತ ಜಾಗ ಹೋಗಿರ್ತೈತಿ. ಅದಕ್ಕ ಕೆಲವರು ರಾತ್ರಿ ವಾಲ್ವ್ ತಿರುವಿ ಬಿಡ್ತಾರ. ಮಾಡಬಾರದು, ಮಾಡ್ತಾರ. ಸಿಯಾಟಲ್‌ನಾಗ ನೀರು ಸರಬರಾಜಿನ ಇಲಾಖೆಯವರು 2020ರಿಂದ ಪಂಪ್ ಗಾಡಿ ಕಳಿಸಿ ನಿಂತಲ್ಲೇ ಟ್ಯಾಂಕ್ ಖಾಲಿ ಮಾಡ್ಸೂ ಏರ್ಪಾಡು ಮಾಡ್ಯಾರ. ಕಟ್ಟಡ ಕಟ್ಟೂ ಕಡೆ ಇಟ್ಟ ಕಕ್ಕಸ ಖಾಲಿ ಮಾಡ್ತಾರಲ್ಲ, ಅದೇ ನಮೂನಿ ಗಾಡಿ. ಆ ಪೈಪು ಹಾಕಿದ್ರ ಒಂದು ಟ್ಯಾಂಕು ಹತ್ತು ಹದಿನೈದು ನಿಮಿಷದ ಕೆಲಸ. ಒಂದು ಟೋ ಖರ್ಚಿನಾಗ ಎಷ್ಟು ಟ್ಯಾಂಕ್ ಖಾಲಿ ಮಾಡಬಹುದು ನೀವ ಲೆಕ್ಕ ಹಾಕ್ರಿ.

ತೆರಿಗೆಕಟ್ಟುವವ

ಪಂಪ್ ಗಾಡಿಗೆ ನನ್ನ ವಿರೋಧ ಇಲ್ಲ, ಹೊಳೆ ಉಳಿಯೋದಾದರೆ ನನ್ನ ತೆರಿಗೆ ಹೋಗಲಿ. ಆದರೆ ಅದರ ಜೊತೆ ಗಡಿಯೂ ಬೇಕು. ಸುರಕ್ಷಿತ ಜಾಗ ಇದೆ, ಸ್ಥಳ ಖಾಲಿ ಇದೆ, ನೋಂದಣಿಗೆ ಸಹಾಯ ಇದೆ, ಆದರೂ ಒಬ್ಬರು ಶಾಲೆ ಗೋಡೆ ಪಕ್ಕದಲ್ಲೇ ಇರ್ತೀನಿ ಅಂದರೆ? ಅವತ್ತು ನಗರಸಭೆಗೆ ಇಲ್ಲ ಅನ್ನೋ ಅಧಿಕಾರ ಇರಬೇಕು. ಇಲ್ಲದಿದ್ದರೆ ಜನರ ತಾಳ್ಮೆ ಮುಗಿದು, ಮುಂದಿನ ಚುನಾವಣೆಯಲ್ಲಿ ಬರುವವರು ಸುರಕ್ಷಿತ ಜಾಗವನ್ನೂ ಮುಚ್ಚಿಸ್ತಾರೆ.

ಹಿಂದಿನಸೀಟು

ಈ ಮಾತಿಗೆ ನನ್ನ ಒಪ್ಪಿಗೆ ಇದೆ. ಎಲ್ಲಿ ಮಲಗಬಹುದು ಅಂತ ಒಂದು ನಕ್ಷೆ ಕೈಗೆ ಕೊಟ್ಟಿದ್ದರೆ ನಾನು ಶಾಲೆ ಬೀದಿಗೆ ಯಾವತ್ತೂ ಹೋಗ್ತಿರಲಿಲ್ಲ. ಆ ಚಳಿಗಾಲದಲ್ಲಿ ಸಿಕ್ಕ ಒಂದೊಂದು ಚೀಟಿಯಲ್ಲೂ ಎಲ್ಲಿ ನಿಲ್ಲಬಾರದು ಅಂತ ಮಾತ್ರ ಬರೆದಿತ್ತು. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಊರಲ್ಲಿ 40 ಅಡಿ ಅಥವಾ ಅದಕ್ಕಿಂತ ಕಿರಿದಾದ ಬೀದಿಗಳಲ್ಲಿ ದೊಡ್ಡ ಗಾಡಿ ಬೇಡ ಅಂತ 2020ರಲ್ಲಿ ಮತದಾರರೇ ಒಪ್ಪಿದರು. ಮೊಕದ್ದಮೆ ಆಗಿ 2022ರಲ್ಲಿ ರಾಜಿಯಾದಾಗ, ಯಾವ ಬೀದಿಗಳಲ್ಲಿ ನಿಲ್ಲಿಸಬಹುದು ಅನ್ನೋದನ್ನೂ ಊರು ಒಪ್ಪಿಕೊಳ್ಳಬೇಕಾಯಿತು. ಆ ಎರಡನೇ ಪಟ್ಟಿ ಮೊದಲೇ ಬರಲಿ ಅನ್ನೋದಷ್ಟೇ ನನ್ನ ಕೋರಿಕೆ.

ಪಶ್ಚಿಮತೀರ

ಎರಡು ನಿಮಿಷಕ್ಕೆ ಹೀಗೆ ಬರೆದುಕೊಂಡಿದ್ದೀನಿ, ನೋಡಿ: "ನಾನು ಗೋದಾಮು ರಸ್ತೆಯ ಹಿಂದಿನ ಸಾಲಿನ ನಿವಾಸಿ. ರಾತ್ರಿ ನಿಷೇಧವನ್ನು ಬೆಂಬಲಿಸುತ್ತೇನೆ, ಆದರೆ ಸುರಕ್ಷಿತ ಪಾರ್ಕಿಂಗ್ ಜಾಗದಲ್ಲಿ ಸ್ಥಳ ಇಲ್ಲದ ರಾತ್ರಿ ದಂಡ ಹಾಕಬಾರದು, ಟೋ ಮಾಡಬಾರದು ಎಂಬ ಸಾಲು ಸೇರಿದರೆ ಮಾತ್ರ. ನಗರಸಭೆ ಕಟ್ಟಡದ ಹಿಂದಿನ ಪಾರ್ಕಿಂಗ್ ಜಾಗ ಸಂಜೆ ಆರರ ನಂತರ ಖಾಲಿ ಇರುತ್ತದೆ, ಅಲ್ಲಿಂದ ಶುರು ಮಾಡಿ. ಆರ್‌ವಿಗಳಿಗೆ ವಾರಕ್ಕೊಮ್ಮೆ ಪಂಪ್ ಗಾಡಿ ಕಳಿಸಿ. ಗುಜರಿ ಆರ್‌ವಿಗಳನ್ನು ಬಾಡಿಗೆಗೆ ಬಿಡುವವರ ಮೇಲೆ ಮೊದಲು ಕ್ರಮ ತೆಗೆದುಕೊಳ್ಳಿ."

ಕಾನೂನುಕಣ್ಣು

ಚೆನ್ನಾಗಿದೆ. ಎರಡು ತಿದ್ದುಪಡಿ. 'ಸ್ಥಳ ಇಲ್ಲದ ರಾತ್ರಿ' ಅನ್ನೋದರ ಜೊತೆ 'ಆ ಗಾಡಿಗೆ ಹೊಂದುವ ಸ್ಥಳ' ಅಂತ ಸೇರಿಸಿ. ಇಲ್ಲದಿದ್ದರೆ ಕಾರಿನ ಜಾಗ ಖಾಲಿ ಇದೆ ಅಂತ ತೋರಿಸಿ ಆರ್‌ವಿಗೆ ಚೀಟಿ ಹರೀತಾರೆ. ಟೋ ಆದರೂ ಔಷಧಿ, ಗುರುತಿನ ಪತ್ರ, ಕೆಲಸದ ಉಪಕರಣಗಳನ್ನ ಹಣ ಕಟ್ಟಿಸಿಕೊಳ್ಳದೆ ಅದೇ ದಿನ ವಾಪಸ್ ಕೊಡಬೇಕು ಅನ್ನೋದನ್ನೂ ಕೇಳಿ.

ರಾತ್ರಿಪಾಳಿ

ನಗರಸಭೆ ಪಾರ್ಕಿಂಗ್ ಜಾಗ ಅಂದರೆ ವಿಮೆಯವರ ತಂಟೆಯೂ ಕಮ್ಮಿ, ಊರೇ ಮಾಲೀಕ. ಶೌಚಾಲಯವನ್ನ ಗೇಟಿನಿಂದ ದೂರ, ದೀಪದ ಕೆಳಗೆ ಇಡೋಕೆ ಹೇಳಿ. ಕತ್ತಲ ಮೂಲೆಯಲ್ಲಿಟ್ಟರೆ ಹೆಂಗಸರು ರಾತ್ರಿ ಅಲ್ಲಿಗೆ ಹೋಗಲ್ಲ.

ಗ್ಯಾರೇಜುಮಂದಿ

ಪಂಪ್ ಗಾಡಿದು ಕಡೀಗೆ ಬರದೀರಿ, ಮೊದಲಿಗೆ ತಗೋರಿ. ಎರಡು ನಿಮಿಷ ಮುಗದು ಮೈಕ್ ಬಂದ್ ಆದ್ರೂ ಅದೊಂದು ಅವರ ಕಿವಿಗೆ ಬಿದ್ದಿರಬೇಕು. ಉಳಿದದ್ದಕ್ಕ ಕಾನೂನು, ಜಾಗ, ಸಭೆ ಅಂತ ತಿಂಗಳಗಟ್ಟಲೆ ಹಿಡಿತೈತಿ, ಇದನ್ನ ಮುಂದಿನ ವಾರನೇ ಶುರು ಮಾಡಬಹುದು.